ಗುರುಸಿದ್ದವ್ವನ ಹೊರಳು

೧೯೮೭ನೇ ಇಸವಿ ಆಗಸ್ಟ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಗುರುಸಿದ್ದವ್ವನ ಹೊರಳನ್ನು ಮೂರನೆಯ ಸಲ ಅಳೆದೆ. ಐದು ದಶಾಂಶ ಎರಡು ಸೆಕೆಂಡು ಬಂತು. ಸೇತುವೆ ಗೇಟಿನವರಿಗೆ ಇರುವ ಮಿತಿ ಎರಡು ಸೆಕೆಂಡು. ಅವಳ ಕಣತಲೆಗೆ ಒತ್ತಿ ಹಿಡಿದಿದ್ದ ಹಿತ್ತಾಳೆ ಬಟ್ಟಲನ್ನು ತೆಗೆದು, ಅದರ ರಬ್ಬರು ನಳಿಗೆಯನ್ನು ನನ್ನ ಕಿವಿಯಿಂದ ಬಿಡಿಸಿಕೊಂಡು, ಆಮೇಲೆ ಕಣ್ಣು ತೆರೆದೆ.

"ಎಷ್ಟ ಬಂತ್ರಿ ಅಕ್ಕಾರ?" ಎಂದು ಕೇಳಿದಳು.

"ಐದು ದಾಟೈತ್ರಿ."

"ಹೋದ ವರ್ಷ ನಾಕಿತ್ತು. ಅದರ ಹಿಂದಿನ ವರ್ಷ ಮೂರು. ಬೆಲ್ಲದ ರೇಟಿನಂಗ ಏರಾಕತ್ತೈತಲ್ರಿ." ಅವಳೇ ನಕ್ಕಳು. ನಾನು ನಗಲಿಲ್ಲ. ಸತತ ಮೂರು ವರ್ಷ ಮಿತಿ ದಾಟಿದವರ ಪರವಾನಗಿ ರದ್ದಾಗುತ್ತದೆ, ಹೆಸರು ನಿಧಾನ ಪಟ್ಟಿಗೆ ಏರುತ್ತದೆ. ಇದು ಅವಳಿಗೂ ಗೊತ್ತಿತ್ತು. ನಗು ಮುಗಿದ ಮೇಲೆ ಸೆರಗಿನ ತುದಿಯಿಂದ ಕಣತಲೆ ಒರೆಸಿಕೊಂಡು, "ಬೋರ್ಡಿಗೆ ಯಾವತ್ತ ಬರಸ್ತೀರಿ?" ಎಂದಳು. ತಿಂಗಳ ಕೊನೆಯ ದಿನ ಎಂದೆ.

ನಮ್ಮೂರಿನಲ್ಲಿ ತಲೆಯ ಬಡಿತ ಹೊರಗೆ ಕೇಳುತ್ತದೆ. ಪಕ್ಕದಲ್ಲಿ ಕುಳಿತವರಿಗೆ ಸಣ್ಣಗೆ, ಕಣತಲೆಗೆ ಕಿವಿ ಇಟ್ಟರೆ ಸ್ಪಷ್ಟವಾಗಿ. ಲೆಕ್ಕ ಮಾಡುವಾಗ ಒಂದು ಬಡಿತ, ರೊಟ್ಟಿ ತಟ್ಟುವಾಗ ಇನ್ನೊಂದು, ಜಗಳಕ್ಕೆ ಮತ್ತೊಂದು. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಮನಸ್ಸು ಕೊಡುವಾಗ ಹಳೆಯ ಬಡಿತ ಅಡಗಿ ಹೊಸದು ಏಳುತ್ತದೆ. ಆ ನಡುವಿನ ಹೊತ್ತನ್ನು ಹೊರಳು ಎನ್ನುತ್ತೇವೆ. ಹೊರಳುತ್ತಿರುವವರನ್ನು ಮಾತಾಡಿಸಬಾರದು ಎಂಬುದು ಮಕ್ಕಳಿಗೆ ನಾವು ಕಲಿಸುವ ಮೊದಲ ಪಾಠ. ಕಿರಾಣಿ ಅಂಗಡಿಯಲ್ಲಿ ಸುಮ್ಮನೆ ನಿಲ್ಲುತ್ತೇವೆ. ಅಂಗಡಿಯವನು ಹಿಂದಿನ ಗಿರಾಕಿಯಿಂದ ನಮ್ಮ ಕಡೆ ಹೊರಳಿದ್ದು ಕೇಳಿಸಿದ ಮೇಲೆಯೇ ಕಾಲು ಕೆ.ಜಿ. ತೊಗರಿಬೇಳೆ ಎನ್ನುತ್ತೇವೆ. ಕೆಲಸ ಮುಗಿಸಿ ಮನೆಗೆ ಬಂದವರಿಗೆ ನೀರಿನ ತಂಬಿಗೆ ಕೊಟ್ಟು, "ಹೊರಳಿತೇನು?" ಎಂದು ಕೇಳಿ, ಹೌದೆಂದ ಮೇಲೆ ಮನೆಯ ಸುದ್ದಿ ಶುರುಮಾಡುತ್ತಾರೆ. ಮಗಳು ಪುಸ್ತಕದ ಮೇಲೆ ಕಣ್ಣಿಟ್ಟು ಬೇರೇನೋ ಯೋಚಿಸುತ್ತಿದ್ದರೆ, ಪಕ್ಕದಲ್ಲಿ ಅಕ್ಕಿ ಆರಿಸುತ್ತ ಕುಳಿತ ತಾಯಿ ತಲೆ ಎತ್ತದೆಯೇ "ಓದು" ಎನ್ನುತ್ತಾಳೆ.

ಇನ್ನೊಂದು ಪದ್ಧತಿ ಇದೆ. ಒಬ್ಬರ ತಲೆಗೆ ಕಿವಿಗೊಡುವಾಗ ಕಣ್ಣು ಮುಚ್ಚಬೇಕು. ಕೇಳುವುದನ್ನೂ ನೋಡುವುದನ್ನೂ ಒಟ್ಟಿಗೆ ಮಾಡಿದರೆ ಅದು ಕದ್ದ ಹಾಗೆ. ಎಳೆಗೂಸಿನ ತಲೆಗೆ ಕಿವಿ ಇಡುವ ಅಜ್ಜಿಯೂ ಕಣ್ಣು ಮುಚ್ಚುತ್ತಾಳೆ. ಇದನ್ನು ಯಾರೂ ನಮಗೆ ಕಲಿಸುವುದಿಲ್ಲ. ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ.

ನಾನು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು. ಆ ಹೊತ್ತಿಗೆ ಪುರಸಭೆಯ ಮಾಪನ ಶಾಖೆ ಸೇರಿ ಹನ್ನೊಂದು ವರ್ಷವಾಗಿತ್ತು. ಶಾಖೆ ಎಂದರೆ ನಾನು, ಒಂದು ಮೇಜು, ಬಟ್ಟಲು, ಸ್ಟಾಪ್‌ವಾಚು ಮತ್ತು ಒಂದು ಡಬ್ಬಿ ಅಂಗಿ ಗುಂಡಿ. ನನಗಿಂತ ಮುಂಚೆ ಪರವಾನಗಿ ಕೊಡುತ್ತಿದ್ದ ಹಿರಿಯರು ತಲೆಗೆ ಕಿವಿ ಇಟ್ಟು "ಅಡ್ಡಿಯಿಲ್ಲ" ಅಥವಾ "ಬ್ಯಾಡ" ಎನ್ನುತ್ತಿದ್ದರು. ಯಾರಿಗೆ ಅಡ್ಡಿಯಿಲ್ಲ, ಯಾರಿಗೆ ಬೇಡ ಎಂಬುದರಲ್ಲಿ ಅವರ ನೆಂಟಸ್ತಿಕೆ ಕೆಲಸ ಮಾಡುತ್ತಿತ್ತು. ಅದನ್ನು ತಪ್ಪಿಸಲೆಂದು ನಾನು ಹದಿನೆಂಟು ಪುಟದ ಕೈಪಿಡಿ ಬರೆದೆ. ಪರೀಕ್ಷೆಗೆ ಬಂದವರು ಗುಂಡಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತ ಕೂರಬೇಕು. ನಾನು ಗಂಟೆ ಬಾರಿಸಿದೊಡನೆ ತೂತುಗಳ ಎಣಿಕೆಯ ಪ್ರಕಾರ ಬೇರೆ ಮಾಡಬೇಕು. ಏಳನೆಯ ನಿಯಮ ಹೀಗಿತ್ತು: "ಮಾಪಕರು ಕಣ್ಣು ಮುಚ್ಚಿರಬೇಕು. ಗಂಟೆಯಾದಾಗ ಗಡಿಯಾರ ಒತ್ತಬೇಕು. ಹಳೆಯ ಬಡಿತ ಪೂರ್ತಿ ಅಡಗಿ ಹೊಸದೊಂದೇ ಕೇಳಿದಾಗ ನಿಲ್ಲಿಸಬೇಕು." ಬಸ್ಸಿನ ಚಾಲಕರಿಗೆ ಒಂದೂವರೆ ಸೆಕೆಂಡು, ಗೇಟಿನವರಿಗೂ ನರ್ಸುಗಳಿಗೂ ಎರಡು, ಶಾಲೆಯ ಮಾಸ್ತರರಿಗೆ ನಾಲ್ಕು. ಪುರಸಭೆ ಸದಸ್ಯರಿಗೆ ಮಿತಿ ಇರಲಿಲ್ಲ. ಇಡೋಣವೆಂದು ನಾನು ಕಳಿಸಿದ್ದ ಸೂಚನೆ ವಾಪಸು ಬಂತು.

ನಿಧಾನ ಪಟ್ಟಿ ಪುರಸಭೆಯ ಬಾಗಿಲಿನ ಪಕ್ಕದ ಕಪ್ಪು ಹಲಗೆಯ ಮೇಲಿತ್ತು. ಅದರಲ್ಲಿ ಹದಿನಾಲ್ಕು ಹೆಸರು. ಅವರಿಗೆ ದಂಡವಿಲ್ಲ, ಶಿಕ್ಷೆಯಿಲ್ಲ. ಊರು ಅವರ ಬಗ್ಗೆ ಬಹಳ ಮರ್ಯಾದೆಯಿಂದ ನಡೆದುಕೊಳ್ಳುತ್ತಿತ್ತು. ಅವರ ಜೊತೆ ಎಲ್ಲರೂ ಒಂದೊಂದು ಶಬ್ದವನ್ನೂ ಬಿಡಿಸಿ ಮಾತಾಡುತ್ತಿದ್ದರು, ಪ್ರತಿ ಮಾತಿನ ನಂತರ ಕಾಯುತ್ತಿದ್ದರು. ಅವಸರದ ಯಾವ ಸಂಗತಿಯನ್ನೂ ಅವರನ್ನು ಕೇಳುತ್ತಿರಲಿಲ್ಲ. ಮನೆಗೆ ಬೆಂಕಿ ಬಿದ್ದರೂ ಮೊದಲು ಪಕ್ಕದ ಮನೆಯವರನ್ನು ಕೂಗಿ, ಆಮೇಲೆ ಅವರಿಗೆ ಹೇಳುತ್ತಿದ್ದರು. ಗುರುಸಿದ್ದವ್ವ ಇದನ್ನು ಕಂಡಿದ್ದಳು. ಹತ್ತೊಂಬತ್ತು ವರ್ಷ ಇಡೀ ಊರನ್ನು ತಡೆದು, ಬಿಟ್ಟು, ಬೈದು ನಡೆಸಿದ ಹೆಂಗಸಿಗೆ ಮೂರು ವಾರದಲ್ಲಿ ಎಲ್ಲರೂ ನಿಧಾನವಾಗಿ ಮಾತಾಡತೊಡಗುವವರಿದ್ದರು.

ನಮ್ಮ ಸೇತುವೆ ಈಚೆ ಪೇಟೆಯಿಂದ ಆಚೆ ಪೇಟೆಗೆ ಕಮರಿಯ ಮೇಲೆ ಹೋಗುತ್ತದೆ. ಒಂದು ಗಾಡಿಯ ಅಗಲ ಮಾತ್ರ. ನಡುವೆ ಬಾಗಿರುವುದರಿಂದ ಈ ತುದಿಯವರಿಗೆ ಆ ತುದಿ ಕಾಣುವುದಿಲ್ಲ. ನಡುಗಂಬದ ಮೇಲೆ ತಗಡಿನ ಗೂಡೊಂದಿದೆ. ಅಲ್ಲಿಂದ ಎರಡೂ ತುದಿ ಕಾಣುತ್ತವೆ. ಗೂಡಿನಲ್ಲಿ ಎರಡು ಹಗ್ಗ. ಎಡಗಡೆಯದು ಎಳೆದರೆ ಈಚೆ ಗೇಟು ಏಳುತ್ತದೆ, ಬಲಗಡೆಯದಕ್ಕೆ ಆಚೆ ಗೇಟು. ಸಾಮಾನ್ಯ ನಿಯಮ ಪಾಳಿ: ಈ ಕಡೆಯಿಂದ ಐದು, ಆ ಕಡೆಯಿಂದ ಐದು, ಮೊದಲು ಬಂದವರು ಮೊದಲು. ದವಾಖಾನೆ ಇರುವುದು ಆಚೆ ಪೇಟೆಯಲ್ಲಿ. ಈಚೆ ತುದಿಗೆ ರೋಗಿಯ ಗಾಡಿ ಬಂದರೆ ಅಲ್ಲಿನ ಗಂಟೆ ಒಮ್ಮೆ ಬಾರಿಸುತ್ತಾರೆ. ಆಗ ಪಾಳಿ ರದ್ದು, ರೋಗಿಯೇ ಮೊದಲು. ಗಾಡಿ ದಾಟಿದ ಮೇಲೆ ಆಚೆ ತುದಿಯವರು ಗಂಟೆ ಎರಡು ಸಲ ಬಾರಿಸುತ್ತಾರೆ. ಮತ್ತೆ ಪಾಳಿ, ಎಲ್ಲಿ ನಿಂತಿತ್ತೋ ಅಲ್ಲಿಂದ.

ಗುರುಸಿದ್ದವ್ವನ ಜಾಗಕ್ಕೆ ಮುಖ್ಯಾಧಿಕಾರಿ ಇಂಗಳಗಿಯವರು ವೀರೇಶನನ್ನು ಆರಿಸಿದ್ದರು. ಇಪ್ಪತ್ತೊಂಬತ್ತರ ಪ್ರಾಯ, ಸಿನಿಮಾ ಟಾಕೀಸಿನಲ್ಲಿ ಟಿಕೀಟು ಕೊಡುತ್ತಿದ್ದವನು. ನನ್ನ ಮೇಜಿನ ಮುಂದೆ ಅವನ ಹೊರಳು ಸೊನ್ನೆ ದಶಾಂಶ ಏಳು ಸೆಕೆಂಡು ಬಂದಿತ್ತು. ಊರಿನಲ್ಲಿ ಅಷ್ಟು ಚುರುಕಿನ ಹೊರಳು ನಾನು ಕಂಡಿರಲಿಲ್ಲ. ಆಗಸ್ಟ್ ಹದಿನೆಂಟರಂದು ಅವನಿಗೆ ಗೂಡಿನಲ್ಲಿ ಪರೀಕ್ಷೆಯ ದಿನ. ಕೆಲಸದ ಜಾಗದಲ್ಲೂ ಒಮ್ಮೆ ಅಳೆಯಬೇಕೆಂಬ ನಿಯಮವಿದ್ದದ್ದರಿಂದ ನಾನೂ ಬಟ್ಟಲು ಹಿಡಿದು ಏಣಿ ಹತ್ತಿದೆ. ಗುರುಸಿದ್ದವ್ವ ಹಗ್ಗಗಳನ್ನು ಅವನಿಗೆ ಕೊಟ್ಟು ಮೂಲೆಯಲ್ಲಿ ಕುಳಿತು ಎಲೆ ಅಡಿಕೆ ಬಿಚ್ಚಿದಳು.

"ನೀ ಏನೂ ಅಂಜಬ್ಯಾಡ ತಮ್ಮಾ," ಎಂದಳು. "ಬೈತಾರ. ಬೈಸ್ಕೊಳ್ಳೂದೂ ಕೆಲಸದಾಗ ಬರ್ತೈತಿ."

"ಟಾಕೀಸಿನ್ಯಾಗ ಬ್ಲ್ಯಾಕ್ ಟಿಕೀಟಿನವರನ್ನ ಕಂಡಾಂವ ನಾ ಬೇ," ಎಂದ ವೀರೇಶ. "ಇದೇನ್ ಮಹಾ."

ಮೊದಲ ಅರ್ಧ ತಾಸು ಚೆನ್ನಾಗಿ ನಡೆಯಿತು. ನಾನು ಅವನ ಕಣತಲೆಗೆ ಬಟ್ಟಲು ಇಟ್ಟು ಕಣ್ಣು ಮುಚ್ಚಿ ಕೇಳಿದೆ. ಹೊರಳಿಗೆ ತಡವೇ ಇರಲಿಲ್ಲ. ಆದರೆ ಹೊರಳುಗಳನ್ನು ಎಣಿಸಿದಾಗ ನಲವತ್ತೊಂದಾದವು. ಗೇಟಿನ ಕೆಲಸಕ್ಕೆ ಬೇಕಾದದ್ದು ಒಂಬತ್ತು. ಐಸ್‌ಕ್ಯಾಂಡಿಯವನು ಕೂಗಿದರೆ ಹೊರಳಿದ, ಹಾರ್ನಿಗೆ ಹೊರಳಿದ, ತಗಡಿನ ಮೇಲೆ ಕಾಗೆ ಕುಳಿತರೂ ಹೊರಳಿದ. ಪ್ರತಿ ಸಲವೂ ತಕ್ಷಣ ವಾಪಸು ಬಂದ. ನನ್ನ ಕೈಪಿಡಿಯಲ್ಲಿ ಹೊರಳಿನ ಎಣಿಕೆಗೆ ಕಲಮು ಇರಲಿಲ್ಲ, ಹಾಗಾಗಿ ಅಂಚಿನಲ್ಲಿ ಬರೆದುಕೊಂಡೆ.

ಹತ್ತು ಐವತ್ತಕ್ಕೆ ಈಚೆ ತುದಿಯಲ್ಲಿ ಗಂಟೆ ಒಮ್ಮೆ ಬಾರಿಸಿದರು. ಕಾಲು ಮುರಿದ ಮುದುಕರೊಬ್ಬರನ್ನು ಜೀಪಿನಲ್ಲಿ ತಂದಿದ್ದರು. ವೀರೇಶ ಬಿಟ್ಟ, ಜೀಪು ದಾಟಿತು. ಆಚೆ ತುದಿಯಲ್ಲಿ ಗಂಟೆ ಎರಡು ಸಲ ಬಾರಿಸಿದರು. ಅವನ ತಲೆಯಲ್ಲಿ ರೋಗಿಯ ಬಡಿತ ಅಡಗಿ ಪಾಳಿಯ ಬಡಿತ ಎದ್ದಿತು, ಮುಕ್ಕಾಲು ಸೆಕೆಂಡೂ ಆಗಲಿಲ್ಲ. ಆದರೆ ಎದ್ದದ್ದು ಹೊಸದಾಗಿ ಶುರುವಾದ ಪಾಳಿ. ಮೊದಲಿನ ಪಾಳಿಯಲ್ಲಿ ಎಷ್ಟು ಹೋಗಿದ್ದವು, ಯಾವ ಕಡೆ ಬಾಕಿ ಇತ್ತು ಎಂಬುದು ಪಾಟಿಯ ಮೇಲಿನ ಬರಹ ಒರೆಸಿದ ಹಾಗೆ ಹೋಗಿತ್ತು. ಜೀಪು ಹೊರಬೀಳಲು ಎತ್ತಿದ್ದ ಆಚೆ ಗೇಟಿನಿಂದ, ಪಾಳಿಯಲ್ಲಿ ಬಾಕಿ ಇದ್ದ ಬಸ್ಸು, ಅದರ ಹಿಂದೆ ಕಬ್ಬಿನ ಟ್ರ್ಯಾಕ್ಟರು, ಹಾಲಿನ ವ್ಯಾನು ಆಗಲೇ ಸೇತುವೆಗೆ ಇಳಿದಿದ್ದವು. ವೀರೇಶ ಎಡಗಡೆಯ ಹಗ್ಗ ಎಳೆದ. ಈಚೆ ಗೇಟು ಎದ್ದಿತು. ಇಮಾಮಸಾಬರ ಉಳ್ಳಾಗಡ್ಡಿ ಲಾರಿ ಒಳಗೆ ಬಂತು. ಬಾಗಿನಲ್ಲಿ ಲಾರಿಯೂ ಬಸ್ಸೂ ಮೂತಿಗೆ ಮೂತಿ ಹಚ್ಚಿ ನಿಂತವು.

"ಏ ವೀರೇಶಪ್ಪಾ," ಇಮಾಮಸಾಬರು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು, "ಇದೇನ್ ಇಂಟರ್ವಲ್ಲೇನೋ? ಬಸ್ಸಿನ ಮ್ಯಾಲ ಹತ್ತಿಸ್ಕೊಂಡ ಹೋಗ್ಲ್ಯಾ?"

ಬಸ್ಸಿನ ಕಂಡಕ್ಟರು ಕೆಳಗಿಳಿದು ಹಿಂದಿನವರಿಗೆ ಹಿಂದಕ್ಕೆ ಹೋಗಲು ಕೈಮಾಡಿದ. ಟ್ರ್ಯಾಕ್ಟರಿನವನು ತನ್ನ ಹಿಂದಿನವನನ್ನು ತೋರಿಸಿದ. ಹಾಲಿನವನು ಆಚೆ ಗೇಟು ಬಿದ್ದಿದೆ ಎಂದು ಕೂಗಿದ. ಅಷ್ಟರಲ್ಲಿ ಈಚೆ ತುದಿಯಲ್ಲಿ ಮತ್ತೆ ಗಂಟೆ, ಒಂದೇ ಸಲ. ಟೆಂಪೋದಲ್ಲಿ ಹೆರಿಗೆ ನೋವಿನ ಹೆಂಗಸು. ವೀರೇಶನ ತಲೆ ಲಾರಿಗೆ, ಬಸ್ಸಿಗೆ, ಟೆಂಪೋಗೆ, ಮತ್ತೆ ಲಾರಿಗೆ ಹೊರಳಿತು. ಎರಡೂ ಕೈಯಲ್ಲಿ ಎರಡು ಹಗ್ಗ ಹಿಡಿದು ನಿಂತ, ಯಾವುದನ್ನೂ ಎಳೆಯಲಿಲ್ಲ.

ಗುರುಸಿದ್ದವ್ವ ಎಲೆಯನ್ನು ಉಗುಳಿ ಎದ್ದಳು. "ಸರಿ ತಮ್ಮಾ," ಎಂದು ಅವನ ಭುಜ ಹಿಡಿದು ಮೆತ್ತಗೆ ಪಕ್ಕಕ್ಕೆ ನಿಲ್ಲಿಸಿದಳು.

ಬಟ್ಟಲನ್ನು ಅವಳ ಕಣತಲೆಗೆ ಇಟ್ಟದ್ದು ನನ್ನ ಅಭ್ಯಾಸ ಇರಬೇಕು. ಹಗ್ಗ ಹಿಡಿದವರ ತಲೆಗೆ ಬಟ್ಟಲು ಹಿಡಿಯಲೆಂದೇ ಬಂದಿದ್ದೆ. ಆದರೆ ಅವಳು ಒಂದು ಕಡೆ ನಿಲ್ಲಲಿಲ್ಲ. ಕಿಟಕಿಗೂ ಹಗ್ಗಕ್ಕೂ ಓಡಾಡಿದಳು. ಆ ಗೂಡಿಗೆ ಕಟಾಂಜನವಿಲ್ಲ, ಕೆಳಗೆ ಎಂಬತ್ತು ಅಡಿ ಕಮರಿ. ನಳಿಗೆ ಹಿಡಿದು ಅವಳ ಹಿಂದೆ ಹೆಜ್ಜೆ ಇಡಬೇಕಾದ ನನಗೆ ಕಣ್ಣು ಮುಚ್ಚಲು ಧೈರ್ಯವಾಗಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಅಂದೇ ಮೊದಲ ಸಲ ಕಣ್ಣು ತೆರೆದುಕೊಂಡು ಒಬ್ಬರ ತಲೆ ಕೇಳಿದೆ.

ಅವಳು ಬಲಗಡೆಯ ಹಗ್ಗ ಎಳೆದು ಆಚೆ ಗೇಟು ಎತ್ತಿದಳು. ತಗಡಿನ ತುತ್ತೂರಿ ಬಾಯಿಗೆ ಹಿಡಿದು, "ಹಾಲಿನ್ಯಾವ, ಮೊದಲ ನೀ ಹಿಂದಕ್ಕ! ಟ್ರ್ಯಾಕ್ಟರ್, ಆಂವ ಹೋಗೂತನಕ ಅಲ್ಲಾಡಬ್ಯಾಡ! ಬಸ್ಸು ಆಮ್ಯಾಲ! ಇಮಾಮಣ್ಣಾ, ಬಸ್ ಸರದಂಗ ನೀ ಮುಂದ ಬಾ, ಟೆಂಪೋ ನಿನ್ನ ಬಾಲ ಹಿಡದ ಬರ್ತೈತಿ. ಬಾಯಿ ಮುಚ್ಚು, ಗಾಡಿ ಹೊಡಿ!" ಎಂದಳು. ಹನ್ನೊಂದು ನಿಮಿಷದಲ್ಲಿ ಟೆಂಪೋ ದವಾಖಾನೆಯ ಕಡೆ ತಿರುಗಿತು. ಆಚೆ ತುದಿಯಲ್ಲಿ ಗಂಟೆ ಎರಡು ಸಲ ಬಾರಿಸಿದರು. ನಾನು ಕೈಯಲ್ಲಿದ್ದ ಗಡಿಯಾರ ಒತ್ತಿದೆ.

ಬಟ್ಟಲಿನಲ್ಲಿ ರೋಗಿಯ ಬಡಿತ ಇನ್ನೂ ಕೇಳುತ್ತಿತ್ತು. ಗಡಿಯಾರ ಓಡುತ್ತಿತ್ತು. ಒಂದು ಸೆಕೆಂಡು, ಎರಡು. ನನ್ನ ಲೆಕ್ಕದಲ್ಲಿ ಅವಳು ಇನ್ನೂ ಹೊರಳಿರಲಿಲ್ಲ. ಆದರೆ ಹಗ್ಗ ಆಗಲೇ ಅವಳ ಕೈಯಲ್ಲಿ ಕೆಳಗೆ ಬಂದಿತ್ತು, ಆಚೆ ಗೇಟು ಮತ್ತೆ ಮೇಲೆ ಹೋಗಿತ್ತು. "ಆಚೆ ಕಡಿಂದ ಎರಡು ಹೋಗ್ಯಾವು, ಬಾಕಿ ಮೂರು, ಬಸ್ ಮೊದಲ," ಎಂದು ಅವಳು ಕೂಗಿ ಮುಗಿಸಿದ ಮೇಲೆ ಹಳೆಯ ಬಡಿತ ಪೂರ್ತಿ ಅಡಗಿತು. ಗಡಿಯಾರ ನಿಲ್ಲಿಸಿದೆ. ಐದು ದಶಾಂಶ ನಾಲ್ಕು. ಮೊದಲು ಕೈ, ಬಹಳ ತಡವಾಗಿ ಮೌನ. ಮೂಲೆಯಲ್ಲಿ ಎಲೆ ಮಡಿಸುತ್ತ ಕುಳಿತಾಗಲೂ ಪಾಳಿಯ ಎಣಿಕೆ ಅವಳ ತಲೆಯಲ್ಲಿ ಇದ್ದೇ ಇತ್ತು.

ಮರುದಿನದಿಂದ ಐದು ದಿನ ನಾನು ಗೂಡಿಗೆ ಹೋದೆ. ಕಣ್ಣು ತೆರೆದು ಅಳೆಯಬೇಕು ಎಂದು ಕೇಳಲು ನನಗೆ ನಾಚಿಕೆಯಾಯಿತು. ಅವಳಿಗೆ ಆಗಲಿಲ್ಲ.

"ನೋಡ್ರಿ ಬೇಕಾದಷ್ಟು," ಎಂದಳು. "ನನ್ನ ಮಾರಿ ಮ್ಯಾಲ ಏನ್ ಬಂಗಾರ ಐತಿ?"

ಅರವತ್ತೆರಡು ಹೊರಳುಗಳನ್ನು ಅಳೆದೆ. ಎಲ್ಲರ ತಲೆಯಲ್ಲೂ ಒಂದು ನಿಧಾನದ ಬಡಿತ ಇರುತ್ತದೆ, ಸೆಕೆಂಡಿಗೆ ಸುಮಾರು ಆರು ಏಟು. ಅದನ್ನು ಹಿನ್ನೆಲೆಯ ಸದ್ದೆಂದು ಬಿಟ್ಟುಬಿಡಬೇಕು ಎಂದು ಕೈಪಿಡಿಯಲ್ಲಿ ನಾನೇ ಬರೆದಿದ್ದೆ. ಕೆಲಸಕ್ಕೊಂದರಂತೆ ಬದಲಾಗುವುದು ಅದರ ಮೇಲಿನ ಸಣ್ಣ, ಬಿರುಸಾದ ಬಡಿತಗಳು. ವೀರೇಶನ ತಲೆಯಲ್ಲಿ ಹೊರಳಿನ ಹೊತ್ತಿಗೆ ನಿಧಾನದ ಬಡಿತವೇ ಕಡಿದು, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಅದರ ಜೊತೆ ಮೇಲಿದ್ದದ್ದೆಲ್ಲ ಉದುರುತ್ತಿತ್ತು. ಗುರುಸಿದ್ದವ್ವನಲ್ಲಿ ಅದು ಕಡಿಯಲಿಲ್ಲ, ಅರವತ್ತೆರಡು ಸಲದಲ್ಲಿ ಒಮ್ಮೆಯೂ. ಹೊಸ ಕೆಲಸದ ಸಣ್ಣ ಬಡಿತಗಳು ಪ್ರತಿ ಏಟಿನ ಮುಂಭಾಗದಲ್ಲಿ ಬಂದು ಕೂರುತ್ತಿದ್ದವು, ಹಳೆಯವು ಅದೇ ಏಟಿನ ಹಿಂಭಾಗಕ್ಕೆ ಸರಿಯುತ್ತಿದ್ದವು. ಒಂದೇ ಏಟಿನಲ್ಲಿ ಎರಡಕ್ಕೂ ಜಾಗವಿತ್ತು. ಕೈ ಕೇಳುತ್ತಿದ್ದದ್ದು ಮುಂಭಾಗದ ಮಾತನ್ನು. ನಾನು ಕಣ್ಣು ಮುಚ್ಚಿ ಅಳೆದದ್ದು ಹಿಂಭಾಗ ಖಾಲಿಯಾಗುವ ಹೊತ್ತನ್ನು. ವರ್ಷದಿಂದ ವರ್ಷಕ್ಕೆ ಏರಿದ್ದು ಅವಳ ನಿಧಾನ ಅಲ್ಲ. ನೆನಪಿಟ್ಟುಕೊಳ್ಳುವ ಜಾಗ ಅವಳಲ್ಲಿ ದೊಡ್ಡದಾಗುತ್ತಿತ್ತು. ಗಂಟೆಯಿಂದ ಕೈ ಏಳುವವರೆಗೆ ಅವಳ ಸರಾಸರಿ ಸೊನ್ನೆ ದಶಾಂಶ ನಾಲ್ಕು ಸೆಕೆಂಡು.

ಇದನ್ನೆಲ್ಲ ಬರೆದುಕೊಂಡು ಇಪ್ಪತ್ತೈದರಂದು ಇಂಗಳಗಿಯವರ ಕೋಣೆಗೆ ಹೋದೆ. ಅವರು ಓದಿ ಮುಗಿಸುವವರೆಗೆ ನಿಂತೆ. ಅವರ ತಲೆ ನನ್ನ ಕಡೆ ಹೊರಳಿದ ಮೇಲೆ ಕುಳಿತೆ.

"ಕಣ್ಣ ತಗದ ಅಳದೀರಿ," ಎಂದರು.

"ಹೌದ್ರಿ."

"ನಾಳೆ ಗಂಡಸರನ್ನೂ ಹಂಗ ಅಳೀತೀರೇನು? ಊರಾಗ ನಾವು ತಲಿ ಎತ್ತಿ ಅಡ್ಡಾಡೂದ ಬ್ಯಾಡ ಅಂತೀರಿ?"

"ಮಾರಿ ನೋಡೂದ ಬ್ಯಾಡ್ರಿ. ಕೈ ನೋಡಿದ್ರ ಸಾಕು."

ಅವರು ಕಾಗದವನ್ನು ಮಡಿಸಿದರು, ಬಿಚ್ಚಿದರು. "ಈಕೀದು ತಪ್ಪಾಗೈತಿ ಅಂದ್ರ ಹಲಗಿ ಮ್ಯಾಲಿನ ಹದಿನಾಕು ಮಂದೀದು?"

"ಅವರನ್ನೂ ಮತ್ತ ಅಳೀಬೇಕ್ರಿ."

"ಏಳನೇ ನಿಯಮ ಬರದವರು ಯಾರು?"

"ನಾನ ರೀ."

ಇಂಗಳಗಿಯವರು ಕೆಟ್ಟವರಲ್ಲ. ಕನ್ನಡಕ ತೆಗೆದು ಮೂಗು ಒರೆಸಿಕೊಂಡು ಹೇಳಿದರು: "ಹಂಗಂದ್ರ ನಿಮ್ಮ ಮ್ಯಾಲ ನೀವ ವರದಿ ಬರದಂಗಾತು. ಬ್ಯಾಡ. ಗುರುಸಿದ್ದವ್ವಗ ವಿಶೇಷ ವಿನಾಯಿತಿ ಕೊಡೂಣು. ಹಿರೇ ಮನಷ್ಯಾಳು, ಅನುಭವ ಐತಿ ಅಂತ. ಗೇಟು ಆಕೀಗೇ ಇರ್ಲಿ, ಕೈಪಿಡಿ ಹಂಗ ಇರ್ಲಿ, ನೀವೂ ಹಂಗ ಇರ್ರಿ. ಒಂದ ತಲಿ ಕೇಳಿ ಹದಿನೆಂಟ ಪುಟ ಹರೀಬ್ಯಾಡ್ರಿ."

ಒಂದೇ ತಲೆ ಎಂಬುದು ನಿಜವಾಗಿತ್ತು. ಒಂದು ಅಳತೆಯಿಂದ ನಿಯಮ ಹುಟ್ಟುವುದಿಲ್ಲ ಎಂದು ಕಾಲೇಜಿನಲ್ಲಿ ನಾನೂ ಕಲಿತಿದ್ದೆ. ಆ ಪಾಠ ಅಂದು ನನಗೆ ಅನುಕೂಲವಾಗಿ ಕಂಡಿತು ಎಂಬುದನ್ನೂ ಇಲ್ಲಿ ಬರೆಯಬೇಕು. ವಿನಾಯಿತಿಯ ಕಾಗದಕ್ಕೆ ಅವರು ಸಹಿ ಹಾಕಿದರು, ನಾನು ಕೆಳಗೆ ಹಾಕಿದೆ. ಮರುದಿನ ಬೆಳಿಗ್ಗೆ ಅದನ್ನು ಹಿಡಿದು ಏಣಿ ಹತ್ತಿದೆ.

ಗುರುಸಿದ್ದವ್ವ ಓದು ಬಲ್ಲವಳು. ನಿಧಾನವಾಗಿ ಎರಡು ಸಲ ಓದಿದಳು.

"ವಿನಾಯಿತಿ ಅಂದ್ರ ಏನ್ರಿ ಅಕ್ಕಾರ?"

"ನಿಮಗ ಆ ಮಿತಿ ಹತ್ತೂದಿಲ್ಲ ಅಂತ. ಗೇಟು ನಿಮಗ ಉಳೀತು."

"ಅಂದ್ರ ಈಕಿ ನಿಧಾನದಾಕೀನ ಹೌದು, ಆದ್ರೂ ಪಾಪ ಇರ್ಲಿ ಅಂತ. ಅಷ್ಟ ಹೌದಲ್ಲೋ?"

ಅವಳು ಕಾಗದವನ್ನು ನನ್ನ ಕೈಗೆ ವಾಪಸು ಇಟ್ಟಳು. ನಡುವೆ ಒಂದು ಹಗ್ಗ ಎಳೆದು, ಐದು ಗಾಡಿ ಎಣಿಸಿ, ಇಳಿಸಿ, ಮಾತು ಬಿಟ್ಟಲ್ಲಿಂದ ಮುಂದುವರಿಸಿದಳು. "ನನ್ನ ತಲಿ ತಪ್ಪೋ, ನಿಮ್ಮ ಗಡಿಯಾರ ತಪ್ಪೋ? ನನ್ನ ತಲಿ ತಪ್ಪಿದ್ರ ಬೋರ್ಡಿಗೆ ಬರೀರಿ, ನಾ ಇಳದ ಹೋಗ್ತೀನಿ. ಗಡಿಯಾರ ತಪ್ಪಿದ್ರ ಹಂಗ ಬರೀರಿ. ಪಾಪ ಅಂತ ಕುಂದರ್ಸಿದ್ರ ಇಮಾಮಣ್ಣ ನನ್ನ ಮಾತ ಕೇಳ್ತಾನೇನ್ರಿ? ನಾಳಿಂದ ಆಂವನೂ ಬಿಡಿಸಿ ಬಿಡಿಸಿ ಮಾತಾಡ್ತಾನ."

"ಒಬ್ಬರ ಅಳತೀ ಮ್ಯಾಲ ನಿಯಮ ತಪ್ಪಂತ ಬರಿಯಾಕ ಬರೂದಿಲ್ರಿ," ಎಂದೆ.

"ಒಬ್ಬಾಕಿ ಯಾಕ? ಎಸ್ತೇರವ್ವ ಅದಾಳಲ್ಲ. ದವಾಖಾನ್ಯಾಗ ಮೂರು ಮಂಚದ ಹೆರಿಗಿ ಒಬ್ಬಾಕೀನ ನೋಡ್ತಿದ್ದಳು. ಆಕೀನೂ ನಿಮ್ಮ ಗುಂಡಿ ಡಬ್ಬೀನ ಕೆಳಗ ಇಳಿಸಿದ್ದು." ಅವಳು ನನ್ನನ್ನು ನೋಡದೆ ಆಚೆ ತುದಿಯನ್ನೇ ನೋಡುತ್ತಿದ್ದಳು. "ತಿಂಗಳ ಮುಗ್ಯಾಕ ಇನ್ನ ಐದು ದಿನ ಐತಿ. ಹೋಗಿ ಬರ್ರಿ."

ನರ್ಸ್ ಎಸ್ತೇರವ್ವನ ಹೆಸರು ಹಲಗೆಯಲ್ಲಿ ಏಳು ವರ್ಷದಿಂದ ಇತ್ತು, ಮೇಲಿನಿಂದ ಮೂರನೆಯದು. ಬರೆದವಳು ನಾನು. ಮರುದಿನ, ಗುರುವಾರ, ಸಂಜೆ ನಾಲ್ಕು ಗಂಟೆಗೆ ಆಚೆ ಪೇಟೆಯ ಅವಳ ಮನೆಗೆ ಹೋದೆ. ಪಡಸಾಲೆಯಲ್ಲಿ ಕೌದಿ ಹರಡಿಕೊಂಡು ಹೊಲಿಯುತ್ತಿದ್ದಳು. ಸುತ್ತ ಹಳೆಯ ಸೀರೆ, ಅಂಗಿಗಳ ತುಂಡುಗಳ ರಾಶಿ. ನಾನು ಬಾಗಿಲಲ್ಲಿ ನಿಂತು, "ಎಸ್ತೇರವ್ವಾ... ಆರಾಮ... ಅದೀರೇನ್ರಿ?" ಎಂದು ಕೇಳಿ ಕಾದೆ.

"ಆರಾಮ ಅದೀನಿ. ಜಲ್ದಿ ಹೇಳ್ರಿ, ನಾ ಕೂಸಲ್ಲ," ಎಂದಳು. "ಏಳು ವರ್ಷ ಆತು. ಉಪ್ಪು ಬೇಕೇನು ಅಂತ ಕೇಳಾಕ ಮಂದಿ ಅರ್ಧ ತಾಸ ತಗೋತಾರ. ನನ್ನ ಮೊಮ್ಮಗಳೂ ಹಂಗ ಮಾತಾಡ್ತಾಳ. ಎರಡ ವರ್ಷದ ಕೂಸು, ಅದಕ್ಕ ಯಾರ ಕಲಿಸ್ಯಾರೋ." ಆಮೇಲೆ ನನ್ನ ಚೀಲ ನೋಡಿದಳು. "ಬಟ್ಟಲ ತಂದೀರಿ. ಇನ್ನೇನ ಕಸಗೊಳ್ಳೂದ ಉಳದೈತ್ರಿ?"

ದಾರಿಯಲ್ಲಿ ಒಂದಿಷ್ಟು ಮಾತು ಜೋಡಿಸಿಕೊಂಡು ಬಂದಿದ್ದೆ. ಅವನ್ನೆಲ್ಲ ಬಿಟ್ಟೆ. "ನನ್ನ ಅಳತಿ ತಪ್ಪಿರಬೇಕ್ರಿ," ಎಂದೆ.

ಸೂಜಿ ನಿಂತಿತು. "ಇರಬೇಕೋ, ಐತೋ?"

"ನಿಮ್ಮನ್ನ ಇನ್ನೊಮ್ಮೆ ಅಳದ್ರ ಹೇಳ್ತೀನಿ. ಈ ಸಲ ಕಣ್ಣ ತಕ್ಕೊಂಡಿರ್ತೀನಿ, ನಿಮ್ಮ ಕೈ ನೋಡಬೇಕು. ನಿಮಗ ಬ್ಯಾಡನ್ನಿಸಿದ್ರ ಎದ್ದ ಹೋಗ್ತೀನಿ."

ಅವಳು ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು. ಎರಡು ಮಾರು ದೂರದಿಂದ ಅವಳ ತಲೆಯ ಬಡಿತ ನನಗೆ ಕೇಳುತ್ತಿರಲಿಲ್ಲ, ಹಾಗಾಗಿ ಏನು ಯೋಚಿಸುತ್ತಿದ್ದಳೋ ಹೇಳಲಾರೆ. "ಅವತ್ತ ನಾ ನಿಮಗ ಹೇಳಿದ್ದೆ," ಎಂದಳು ಕೊನೆಗೆ. "ಅಕ್ಕಾರ, ಒಂದ ಮಂಚದಾಕಿ ಕೂಗಿದ್ರ ಕೈ ಅಲ್ಲಿಗೆ ಹೋಗ್ತೈತಿ, ಆದ್ರ ಬಿಟ್ಟ ಬಂದ ಮಂಚದಾಕೀನ ನಾ ಮರ್ಯೂದಿಲ್ಲ ಅಂತ. ನೀವು ಹೂಂ ಅಂದ್ರಿ. ಹೂಂ ಅಂದ ಬರದ್ರಿ."

ಹೇಳಿದ್ದು ನನಗೆ ನೆನಪಿರಲಿಲ್ಲ. ಅದನ್ನೂ ಹೇಳಿದೆ.

"ಕುಂದರ್ರಿ," ಎಂದಳು.

ಗುಂಡಿಯ ಡಬ್ಬಿಯನ್ನು ತೆಗೆಯಲು ಅವಳು ಬಿಡಲಿಲ್ಲ. ಅರಿವೆಯ ತುಂಡುಗಳನ್ನೇ ಬಣ್ಣದ ಪ್ರಕಾರ ಬೇರೆ ಮಾಡತೊಡಗಿದಳು, ಕೆಂಪು ಒಂದು ಕಡೆ, ಹಸಿರು ಒಂದು ಕಡೆ. ನಾನು ಲೋಟಕ್ಕೆ ಚಮಚ ಬಡಿದರೆ ಅಗಲದ ಪ್ರಕಾರ ಮಾಡಬೇಕು. ಬಟ್ಟಲನ್ನು ಅವಳ ನರೆತ ಕೂದಲ ಅಂಚಿನಲ್ಲಿ ಇಟ್ಟೆ. ರೂಢಿಯ ಮೇಲೆ ರೆಪ್ಪೆ ಮುಚ್ಚಿತು; ತೆರೆದೆ. ನಿಧಾನದ ಬಡಿತ ಸಿಕ್ಕಿತು, ಸೆಕೆಂಡಿಗೆ ಆರು. ಅವಳ ಬೆರಳುಗಳು ಕೆಂಪು ತುಂಡೊಂದರ ಮೇಲಿದ್ದಾಗ ಚಮಚ ಬಡಿದೆ. ನಿಧಾನದ ಬಡಿತ ಕಡಿಯಲಿಲ್ಲ. ಹಳೆಯದು ಏಟಿನ ಹಿಂಭಾಗಕ್ಕೆ ಸರಿಯಿತು, ಹೊಸದು ಮುಂದೆ ಬಂದು ಕುಳಿತಿತು, ಅವಳ ಕೈ ಕೆಂಪನ್ನು ಬಿಟ್ಟು ಅಗಲದ ಹಸಿರು ತುಂಡಿಗೆ ಹೋಯಿತು. ಗಡಿಯಾರವನ್ನು ಕೈಗೊಮ್ಮೆ, ಮೌನಕ್ಕೊಮ್ಮೆ ನೋಡಿ ಬರೆದುಕೊಂಡೆ. ಹತ್ತು ಸಲ ಮಾಡಿದೆವು. ಏಳನೆಯ ಸಲ ಅವಳ ಕಣ್ಣಿನಲ್ಲಿ ನೀರು ಬಂತು. ಕೈ ತಡೆಯಲಿಲ್ಲ, ಆ ಅಳತೆಯನ್ನೂ ಬಿಡದೆ ಸೇರಿಸಿಕೊಂಡೆ.

ವರದಿಯ ಹಾಳೆ ಚೀಲದಲ್ಲಿತ್ತು. ಅದನ್ನು ಕೌದಿಯ ಮೇಲೆಯೇ ಹರಡಿ, "ಏಳನೆಯ ನಿಯಮ ತಪ್ಪು, ಪಟ್ಟಿಯಲ್ಲಿರುವ ಎಲ್ಲರನ್ನೂ ಮತ್ತೆ ಅಳೆಯತಕ್ಕದ್ದು" ಎಂದು ತಲೆಬರಹ ಹಾಕಿದೆ. ಗುರುಸಿದ್ದವ್ವನ ಅಂಕಿ ಮೊದಲ ಸಾಲಿಗೆ ಬರೆದೆ. ಸರಾಸರಿ ತೆಗೆಯಲು ಎರಡು ನಿಮಿಷ ಹಿಡಿಯಿತು, ಎರಡು ಸಲ ಕೂಡಿಸಿ ನೋಡಿದೆ.

"ಎಷ್ಟ್ರಿ?" ಎಂದಳು ಎಸ್ತೇರವ್ವ.

ನಾನು ತಡೆಯದೆ, ಎಲ್ಲರಿಗೂ ಹೇಳುವ ಹಾಗೆ ಹೇಳಿದೆ. ಹಳೆಯ ಬಡಿತ ಅಡಗಲು ನಾಲ್ಕು ದಶಾಂಶ ಒಂಬತ್ತು ಸೆಕೆಂಡು. ಕೈ ಹೊರಳಲು ಸೊನ್ನೆ ದಶಾಂಶ ಐದು.